ಹತ್ತಿ ಮಿಲ್ಲಿನ ಹೊಸ ಪರದೆ

ಆಳಂದದಲ್ಲಿ ಗೌಸಮೊಹಿದ್ದೀನನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಕಲಿಸುತ್ತಿದ್ದನೆಂದು ಎಲ್ಲರಿಗೂ ಮಾಸ್ತರ. ಟೈಪಿಂಗ್ ಕಲಿಯುವವರು ಕಡಿಮೆಯಾಗಿ ಬಾಗಿಲು ಹಾಕಿದ ಮೇಲೂ ಆ ಹೆಸರು ಅವನನ್ನು ಬಿಡಲಿಲ್ಲ. ಗುಲ್ಬರ್ಗಾಕ್ಕೆ ಹೋಗಿ ಬಂದು ಮಾಡಿ ಕಂಪ್ಯೂಟರ್ ಕಲಿತ. ಆಳಂದದ ಲಾರಿ ಆಫೀಸು, ಅಫಜಲಪುರದ ಗೊಬ್ಬರದ ಅಂಗಡಿ, ಜೇವರ್ಗಿಯ ಹತ್ತಿ ಮಿಲ್ಲು, ಈ ಮೂರಕ್ಕೂ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟ. ಕರಿ ಪರದೆ, ಹಸಿರು ಅಕ್ಷರ, ಕೀಲಿಗಳನ್ನು ಒತ್ತಿದರೆ ಕೆಲಸ ಮುಂದೆ ಹೋಗುತ್ತಿತ್ತು. ಎಲ್ಲಿ ಏನು ಕೆಟ್ಟರೂ ಫ್ಲಾಪಿಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಹೀಗೇ ಏಳೆಂಟು ವರ್ಷ ನಡೆಯಿತು.

ತೊಂಬತ್ತೆಂಟರ ಬೇಸಿಗೆಯಲ್ಲಿ ಮಿಲ್ಲಿನ ಮಾಲೀಕ ದೌಲತರಾಯರು ಸೊಲ್ಲಾಪುರದ ಬೀಗರ ಮಿಲ್ಲಿಗೆ ಹೋಗಿ ಬಂದರು. ಬಂದವರೇ ಮಾಸ್ತರನನ್ನು ಕರೆಸಿದರು.

“ಅಲ್ಲಿ ಪರದೆ ಮ್ಯಾಲೆ ಬಣ್ಣ ಅದ, ಗುಂಡಿ ಅದಾವ, ಮೂಲ್ಯಾಗ ಗಡಿಯಾರ ಅದ. ಬಾಣ ಸರಸಿ ಟಕ್ ಅಂತ ಒತ್ತಿದ್ರ ಸಾಕು. ನಮ್ಮದು ನೋಡಿದ್ರ ಸಾಲಿ ಹಲಗಿ ಇದ್ದಂಗ ಅದ, ಮಾಸ್ತರ.”

“ಕೆಲಸಕ್ಕ ಏನರ ತೊಂದ್ರಿ ಆಗ್ಯಾದೇನ್ರಿ, ಸಾಹುಕಾರ್ರ?”

“ತೊಂದ್ರಿ ಇಲ್ಲಪ. ಆದ್ರ ಬಂದವರ ಮುಂದ ತೋರಸಾಕ ನಾಚಿಕಿ ಬರ್ತದ. ಹತ್ತಿ ಬರೂದ್ರಾಗ ಮಾಡಿಕೊಡು. ನಿನ್ನ ಕೈಲೆ ಆಗಂಗಿಲ್ಲಂದ್ರ ಸೊಲ್ಲಾಪುರದವರನ್ನ ಕರಸ್ತೇನಿ.”

ಮಾಸ್ತರನಿಗೆ ಆಗ ನಲವತ್ತಾರು ದಾಟಿತ್ತು. ಗುಲ್ಬರ್ಗಾದ ಕ್ಲಾಸಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರ ಪಕ್ಕ ಕುಳಿತು, ಪರದೆಯ ಮೇಲೆ ಗುಂಡಿ ಇಡುವುದನ್ನು, ಕಿಟಕಿ ತೆರೆಯುವುದನ್ನು ಮೊದಲಿಂದ ಕಲಿತ. ಮೌಸು ಹಿಡಿದರೆ ಬಾಣ ಎತ್ತೆತ್ತಲೋ ಓಡುತ್ತಿತ್ತು. ಮನೆಗೆ ಬಂದ ಮೇಲೆ ಹಳೆಯ ಪ್ರೋಗ್ರಾಮಿನ ಒಂದೊಂದೇ ಪುಟ ತೆಗೆದು ಹೊಸದರಲ್ಲಿ ಬರೆಯುತ್ತಿದ್ದ. ಲೆಕ್ಕ ಅದೇ, ತೂಕ ಅದೇ. ಬದಲಾಗಬೇಕಾದದ್ದು ಮುಖ ಮಾತ್ರ. ಆ ಮುಖಕ್ಕೇ ನಾಲ್ಕು ತಿಂಗಳು ಹೋಯಿತು. ಕಣ್ಣು ಉರಿಯುತ್ತಿತ್ತು, ಕತ್ತು ಹಿಡಿದುಕೊಳ್ಳುತ್ತಿತ್ತು. ಹೆಂಡತಿ ಖುರ್ಷಿದ ಕಣ್ಣಿಗೆ ಒದ್ದೆ ಬಟ್ಟೆ ಇಡುತ್ತಾ, ಮೊದಲಿನದು ಚೆನ್ನಾಗಿ ನಡೆಯುತ್ತಿರಲಿಲ್ಲವೇ ಎಂದು ಒಮ್ಮೆ ಕೇಳಿದಳು. ನಡೆಯುತ್ತಿತ್ತು ಅಂದ. ಮತ್ತೇಕೆ ಅಂದಳು. ನೋಡುವುದಕ್ಕೆ ಚೆಂದ ಇರಲಿಲ್ಲವಂತೆ ಅಂದು ಗೋಡೆಯ ಕಡೆ ಹೊರಳಿ ಮಲಗಿದ.

ದೀಪಾವಳಿ ಮುಗಿದ ವಾರ ಜೇವರ್ಗಿಗೆ ಹೋಗಿ ಹೊಸ ಯಂತ್ರ ಕೂಡಿಸಿದ. ಪರದೆಯ ಮೇಲೆ ಅರಳಿದ ಹತ್ತಿಯ ಚಿತ್ರ ಕಂಡು ದೌಲತರಾಯರಿಗೆ ಹಿಗ್ಗು. ಪೇಢೆ ತರಿಸಿ ಹಂಚಿದರು. ಕಂಪ್ಯೂಟರಿನ ಮುಂದೆ ಕೂಡುವ ಶಿವಕಾಂತಾ ಮಾತ್ರ ಮೌಸನ್ನು ಒಮ್ಮೆ ಮುಟ್ಟಿ ಕೈ ಹಿಂದೆ ತೆಗೆದಳು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದವಳು. ಕಾಟಾದ ಮೇಲೆ ಗಾಡಿ ತೂಗುವವನು ಕಿಟಕಿಯಿಂದ ತೂಕ ಕೂಗಿದರೆ ಹಳೆಯ ಯಂತ್ರದಲ್ಲಿ ಪರದೆ ನೋಡದೆಯೇ ಕೀಲಿ ಬಡಿಯುತ್ತಿದ್ದಳು. ಅವನ ದನಿ ನಿಲ್ಲುವುದರೊಳಗೆ ಚೀಟಿ ಹೊರಗೆ ಬರುತ್ತಿತ್ತು.

ಹತ್ತಿಯ ಗಾಡಿಗಳು ಬರತೊಡಗಿದ ಮೇಲೆ ಗೊತ್ತಾಯಿತು. ಒಂದು ಅಂಕಿ ಬಡಿದು ಕೈ ಎತ್ತಬೇಕು, ಮೌಸು ಹಿಡಿಯಬೇಕು, ಬಾಣವನ್ನು ಮುಂದಿನ ಚೌಕಕ್ಕೆ ಒಯ್ಯಬೇಕು, ಒತ್ತಬೇಕು, ಮತ್ತೆ ಕೀಲಿಗೆ ಮರಳಬೇಕು. ಮಿಲ್ಲಿನ ತುಂಬ ಹಾರುವ ಹತ್ತಿಯ ಎಳೆ ಮೌಸಿನ ಹೊಟ್ಟೆಯೊಳಗೆ ಉರುಳುವ ರಬ್ಬರ್ ಗುಂಡಿನ ಸುತ್ತ ಹೆಣೆದುಕೊಂಡು, ಬಾಣ ನಿಂತಲ್ಲೇ ನಿಂತುಬಿಡುತ್ತಿತ್ತು. ಟ್ರ್ಯಾಕ್ಟರುಗಳ ಸಾಲು ವಿಜಾಪುರ ರಸ್ತೆಯವರೆಗೆ ಬೆಳೆಯಿತು. ಡ್ರೈವರುಗಳು ಹಾರ್ನು ಹೊಡೆದರು, ರೈತರು ಕಿಟಕಿಗೆ ಮುತ್ತಿ ಬೈದರು. ಸುದ್ದಿ ತಿಳಿದು ಮಾಸ್ತರ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಾಗ ಶಿವಕಾಂತಾ ಮೌಸನ್ನು ಬೋರಲು ಹಾಕಿಕೊಂಡು ಸೆರಗಿನ ಪಿನ್ನಿನಿಂದ ಎಳೆ ಕೀಳುತ್ತಿದ್ದಳು.

“ಮಾಸ್ತರ್ರ, ನಿಮ್ಮ ಕಾಲಿಗಿ ಬೀಳ್ತೇನಿ, ಹಳೇದು ಹಾಕಿಕೊಡ್ರಿ. ಬೈಗುಳ ತಿಂದು ತಿಂದು ಸಾಕಾಗ್ಯಾದ.”

“ಸಾಹುಕಾರ್ರು ಒಪ್ಪಂಗಿಲ್ಲ ತಂಗಿ.”

“ಹಂಗಾರ ನನಗ ಕೈ ಎತ್ತದಂಗ ಮಾಡ್ರಿ. ಇಷ್ಟು ವರ್ಷ ನಾ ಬಡಿಯೂದು ನೀವು ಕಂಡೀರಲ್ಲ? ಇದನ್ನ ಮಾಡೂ ಮುಂದ ಒಂದು ಮಾತು ನನ್ನ ಕೇಳಬೇಕಿತ್ತಿಲ್ರಿ?”

ಮಾಸ್ತರ ಅವಳ ಕೈಯಿಂದ ಮೌಸು ತೆಗೆದುಕೊಂಡು ಉಳಿದ ಎಳೆಯನ್ನು ತಾನೇ ಕಿತ್ತ. ನಾಲ್ಕು ತಿಂಗಳೂ ಅವನ ಕಣ್ಣ ಮುಂದೆ ಇದ್ದದ್ದು ದೌಲತರಾಯರ ಮುಖ. ಇವಳ ಕೈ ನೆನಪಿಗೇ ಬಂದಿರಲಿಲ್ಲ. ಆ ವಾರ ಮಿಲ್ಲಿನಲ್ಲೇ ಉಳಿದ. ಹತ್ತಿಯ ದೂಳಿಗೆ ಕೆಮ್ಮುತ್ತಾ, ಶಿವಕಾಂತಾಳನ್ನು ಪಕ್ಕ ಕೂಡಿಸಿಕೊಂಡು, ಎಂಟರ್ ಒತ್ತಿದರೆ ಮುಂದಿನ ಚೌಕಕ್ಕೆ ಹೋಗುವಂತೆ, ಹಳೆಯ ಕೀಲಿಗೆ ಹಳೆಯ ಕೆಲಸವೇ ಆಗುವಂತೆ ಎಲ್ಲವನ್ನೂ ತಿದ್ದಿದ. ಅವಳು ಬಡಿದು ನೋಡಿ, ಇಲ್ಲಿ ತಡೀತದ್ರಿ, ಇಲ್ಲಿ ಎರಡು ಸಲ ಒತ್ತಬೇಕಾಗ್ತದ್ರಿ ಎಂದು ಹೇಳುತ್ತಿದ್ದಳು. ಅವನು ಮತ್ತೆ ತಿದ್ದುತ್ತಿದ್ದ. ಶನಿವಾರದ ಹೊತ್ತಿಗೆ ಗಾಡಿಗಳ ಸಾಲು ಗೇಟಿನೊಳಗೆ ಬಂತು. ಮೌಸಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬದಿಗಿಟ್ಟರು. ಬಂದವರಿಗೆ ತೋರಿಸಬೇಕಾದಾಗ ದೌಲತರಾಯರು ತಾವೇ ಚೀಲ ಬಿಚ್ಚಿ, ಬಾಣ ಸರಿಸಿ, ಗುಂಡಿ ಒತ್ತುತ್ತಿದ್ದರು.

“ನೋಡ್ರಿ, ಎಷ್ಟು ಹಗರ ಆಗ್ಯಾದ!” ಅನ್ನುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಆಳಂದದ ಲಾರಿ ಆಫೀಸಿನವರೂ ಅಂಥದೇ ಬೇಕೆಂದರು. ಅದನ್ನೂ ಒಪ್ಪಿಕೊಂಡ. ಇನ್ನು ಅಫಜಲಪುರ ಒಂದು ಉಳಿದಿತ್ತು. ಅಲ್ಲಿಯವರೂ ಕೇಳುವ ಮೊದಲು ತಾನೇ ಹೋಗಿ ಹೇಳುವುದು ಲೇಸೆಂದು ಒಂದು ಮಧ್ಯಾಹ್ನ ಗೊಬ್ಬರದ ಅಂಗಡಿಗೆ ಹೋದ. ಮಾಲೀಕ ನಾಗಣ್ಣ ಕರಜಗಿಯ ಕಡೆಯವರು, ಮಾತು ಕಡಿಮೆ. ಬಣ್ಣ, ಗುಂಡಿ, ಬಾಣ ಎಲ್ಲದರ ವರ್ಣನೆಯನ್ನೂ ಕೊನೆಯವರೆಗೆ ಕೇಳಿದರು.

“ಇದನ್ನ ಹಾಕಿದ್ರ ನನ್ನ ಕೆಲಸ ಈಗಿನಕಿಂತ ಲಗೂನ ಆಗ್ತದೇನು, ಮಾಸ್ತರ?”

ಸುಳ್ಳು ಹೇಳುವುದಕ್ಕೂ ಒಂದಿಷ್ಟು ಹುರುಪು ಬೇಕು. ಅದು ಮಾಸ್ತರನಲ್ಲಿ ಉಳಿದಿರಲಿಲ್ಲ.

“ಇಲ್ರಿ. ಮೊದಲಿನಷ್ಟ ಆಗ್ತದ.”

“ಹಂಗಾದ್ರ ಬ್ಯಾಡ ಬಿಡು. ಈಗಿನ ಯಂತ್ರ ನಡಿಯೂತನ ನಡೀಲಿ.” ನಾಗಣ್ಣ ಅವನ ಮುಖವನ್ನು ಒಂದು ಗಳಿಗೆ ನೋಡಿದರು. “ಉಂಡೀಯೋ ಇಲ್ಲೋ?”

ಒಳಗಿನಿಂದ ಜೋಳದ ರೊಟ್ಟಿ, ಪುಂಡಿಪಲ್ಯೆ ಬಂತು. ಮಾಸ್ತರ ಉಂಡು, ಕೈ ತೊಳೆದು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಗೊಬ್ಬರದ ಚೀಲಗಳಿಗೆ ಬೆನ್ನು ಕೊಟ್ಟು ಕುಳಿತ. ಆ ಊರಿನಲ್ಲಿ ಅವನು ಮಾಡಬೇಕಾದ ಕೆಲಸ ಏನೂ ಇರಲಿಲ್ಲ. ಕಣ್ಣು ತಾನಾಗಿಯೇ ಮುಚ್ಚಿತು. ಗಿರಾಕಿಗಳು ಬಂದರು, ಹೋದರು, ಚೀಟಿ ಹೊಡೆಯುವ ಪ್ರಿಂಟರು ಕಿರಗುಟ್ಟಿತು. ಅವನಿಗೆ ಎಚ್ಚರವಾಗಲಿಲ್ಲ. ಆಳಂದದ ಬಸ್ಸು ಬಂದು ಹಾರ್ನು ಹೊಡೆದಾಗ ನಾಗಣ್ಣ ಎಬ್ಬಿಸಲು ಎದ್ದರು. ಹತ್ತಿರ ಹೋಗಿ ನಿಂತವರು, ಬಾಯಿ ತೆರೆದು ಮಲಗಿದ್ದ ಮಾಸ್ತರನನ್ನು ನೋಡಿ, ಇದರ ಹಿಂದೆ ಇನ್ನೊಂದು ಬಸ್ಸಿದೆಯೆಂದು ಸುಮ್ಮನೆ ಗಲ್ಲಾಪೆಟ್ಟಿಗೆಯ ಕಡೆ ಮರಳಿದರು.