ದುಂಡಸಿಯ ಜೋಳದ ಹೊಲ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಬೆಳೆಯ ಬೇರಿಗೆ ಅಂಟಿದ ಮಣ್ಣಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾಗಳಿವೆ ಎಂದು ಗುರುತಿಸುವುದು ನನ್ನ ಕೆಲಸ. ಹಾನಗಲ್ಲು, ಹಿರೇಕೆರೂರು ಕಡೆಯೆಲ್ಲ ಸುತ್ತಿದರೂ ಮತ್ತೆ ಮತ್ತೆ ಹೋಗುತ್ತಿದ್ದುದು ದುಂಡಸಿಯ ಒಂದು ಜೋಳದ ಹೊಲಕ್ಕೆ. ಅಲ್ಲಿ ಅಕ್ಕ ಇದ್ದಳು.

ಒಡಹುಟ್ಟಿದವಳಲ್ಲ. ಗಂಡನೊಂದಿಗೆ ಆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದವಳು. ಮೊದಲ ದಿನ ನಾನು ಗಿಡ ಕಿತ್ತು, ಬೇರು ಕೊಡವಿ, ಇನ್ನೂ ಅಂಟಿಕೊಂಡಿದ್ದ ಮಣ್ಣನ್ನು ಚೀಲಕ್ಕೆ ತುಂಬುವುದನ್ನು ನೋಡಿ ಹತ್ತಿರ ಬಂದಳು.

“ಏನ ಹುಡುಕಾಕತ್ತೀರಿ ಬಾಯಾರ?”

“ಕಣ್ಣಿಗೆ ಕಾಣದ ಹುಳಾನ.”

“ಕಾಣದ್ದನ್ನ ಹೆಂಗ ಹುಡುಕ್ತೀರಿ? ಬರ್ರಿ, ಮೊದ್ಲ ರೊಟ್ಟಿ ತಿನ್ರಿ.”

ನಾನು ಸಣ್ಣವಳಿದ್ದಾಗಲೇ ಅವ್ವ ತೀರಿಹೋಗಿ ಹಾಸ್ಟೆಲಿನಲ್ಲಿ ಬೆಳೆದಿದ್ದೆ. ಬಿಸಿಲಿಗೆ ತಲೆನೋವೆಂದರೆ ಅಕ್ಕ ಸೆರಗು ತೋಯಿಸಿ ನನ್ನ ಹಣೆಗೆ ಒತ್ತುತ್ತಿದ್ದಳು. ಬರಬರುತ್ತ ಅವಳ ಮಾತಿನಲ್ಲಿ ನಾನು ‘ಬಾಯಾರ’ ಹೋಗಿ ‘ತಂಗಿ’ಯಾದೆ. ಬೇಕಾದಷ್ಟು ಮಣ್ಣು ಸಿಕ್ಕ ಮೇಲೂ ಏನಾದರೊಂದು ನೆಪ ಮಾಡಿ ಬಸ್ಸು ಹತ್ತುತ್ತಿದ್ದೆ.

ಆ ಮಣ್ಣಿನಿಂದ ಬೆಳೆಸಿದ ಬ್ಯಾಕ್ಟೀರಿಯಾಗಳಲ್ಲಿ ನಸುಗೆಂಪಿನದೊಂದು, ಗೊತ್ತಿದ್ದ ಯಾವ ಜಾತಿಗೂ ಹೊಂದಲಿಲ್ಲ. ಹೇಳಿದಾಗ ಅಕ್ಕ ನಕ್ಕಳು.

“ನಮ್ಮ ಹೊಲದ ಕೂಸು ಅದು. ಹೆಸರಿಡೋ ಮುಂದ ನನ್ನ ಕರೀಬೇಕ ಮತ್ತ!”

“ಕರೀತೇನಿ ಅಕ್ಕಾ.”

ಪರೀಕ್ಷೆಗಳು ಮುಗಿಯಲು ಬಹಳ ಕಾಲ ಹಿಡಿಯಿತು. ಮಾದರಿಯನ್ನು ದೂರದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ ಕಾದೆವು. ಆ ನಡುವೆ ನನ್ನ ತಿರುಗಾಟವೂ ನಿಂತಿತ್ತು. ಅದು ಹೊಸ ಜಾತಿಯೇ ಎಂದು ಖಾತ್ರಿಯಾದ ಮರುದಿನ ಪೇಢೆ ಕಟ್ಟಿಸಿಕೊಂಡು ದುಂಡಸಿಗೆ ಓಡಿದೆ. ಹೊಲದಲ್ಲಿ ಯಾರೋ ಹತ್ತಿ ಬಿಡಿಸುತ್ತಿದ್ದರು.

“ಮಾಲಕ್ರು ಹೊಲ ತಿರುಗಿ ತಗೊಂಡ್ರು ರೀ,” ಎಂದ ಅವರಲ್ಲೊಬ್ಬ ಮುದುಕ. “ಗಂಡ ಹೆಂಡ್ತಿ ಗೋವಾಕ್ಕ ದುಡಿಯಾಕ ಹೋದ್ರು.”

“ಗೋವಾದಾಗ ಎಲ್ಲಿ?”

“ಅದು ನಮಗೂ ಗೊತ್ತಿಲ್ರಿ.”

ಪೇಢೆಯನ್ನು ಅವರಿಗೇ ಹಂಚಿದೆ. ಯಾತರ ಸಿಹಿ ಎಂದು ಕೇಳಿದರು. ಖಾಲಿ ಪೊಟ್ಟಣ ಮಡಚಿಕೊಂಡು ಬಸ್ಸು ಹತ್ತಿದೆ.

ಕೆಲವು ವರ್ಷಗಳ ನಂತರ ಸಮ್ಮೇಳನವೊಂದಕ್ಕೆ ಗೋವಾಕ್ಕೆ ಹೋದೆ. ರಸ್ತೆ ಕೆಲಸದ ಹೆಂಗಸರು ನಮ್ಮ ಕಡೆಯ ಕನ್ನಡ ಮಾತಾಡುವುದು ಕೇಳಿ ರಿಕ್ಷಾ ನಿಲ್ಲಿಸಿ ಇಳಿದೆ. ಒಬ್ಬೊಬ್ಬರ ಮುಖವನ್ನೂ ನೋಡಿದೆ.

“ದುಂಡಸಿಯವ್ರು ಯಾರರ ಅದೀರೇನವ್ವಾ?”

“ಇಲ್ರಿ, ನಾವು ಸವಣೂರಿನವ್ರು,” ಎಂದಳೊಬ್ಬಳು. ನಾನು ಹೊರಟಿದ್ದು ಕಂಡು ಅವಸರವಾಗಿ ಕೇಳಿದಳು: “ಆ ಕಡಿಂದ ಬಂದೀರೇನ್ರಿ? ಮಳಿ ಚಲೋ ಆಗೇತೇನು?”

ಆಗಿದೆ ಎಂದೆ. ಕಲ್ಲಿನ ಬುಟ್ಟಿ ಇಳಿಸಿ ಅವಳು ಇನ್ನೂ ಕೇಳುತ್ತಲೇ ಇದ್ದಳು. ನಾನೂ ಊರ ಕಡೆಯ ಸುದ್ದಿ ಹೇಳುತ್ತ ಅಲ್ಲೇ ನಿಂತೆ.