ಅಮೃತಾ ಹಾಕಿದ ಗುರುತು

ಕೊಪ್ಪಳ ಜಿಲ್ಲೆಯಾದ ವರ್ಷವೇ ಇರಕಲ್ಲಗಡದಲ್ಲಿ ಹುಟ್ಟಿದವಳು ಅಮೃತಾ. ಅಪ್ಪನಿಗೆ ಕುರಿ, ಜೊತೆಗೆ ಒಂದಿಷ್ಟು ಎರೆಹೊಲ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಕಾಲುವೆ ಕಡೆಯ ಗದ್ದೆಗಳಿಗೆ ಹೋದರೆ ಅವನು ಮರಳುತ್ತಿದ್ದುದು ಮಳೆ ಬಿದ್ದಮೇಲೆಯೇ. ಹತ್ತನೆಯ ತರಗತಿ ಮುಗಿದಾಗ, ಹುಡುಗಿಯನ್ನು ಮುಂದೆ ಓದಿಸುವವರು ಯಾರು ಎಂಬ ಮಾತು ಮನೆಯಲ್ಲಿ ಬಂತು. ಸುದ್ದಿ ತಿಳಿದ ಸೋದರಮಾವ ದುರುಗಪ್ಪ ಬಂದು, ಅವಳ ಬಟ್ಟೆಯ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಕೊಪ್ಪಳಕ್ಕೆ ಕರೆದೊಯ್ದ. ಪಿಯುಸಿ, ಬಿ.ಕಾಂ. ಎರಡೂ ಅವನ ಮನೆಯಲ್ಲಿದ್ದುಕೊಂಡೇ ಆದವು. ದುರುಗಪ್ಪನಿಗೂ ಅವನ ಹೆಂಡತಿ ಶಾಂತಕ್ಕನಿಗೂ ಮಕ್ಕಳಿರಲಿಲ್ಲ. ಅತ್ತೆ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಮೊದಲನೆಯ ಬಿಸಿ ರೊಟ್ಟಿ ಅಮೃತಾಳ ಡಬ್ಬಿಗೇ ಬೀಳುತ್ತಿತ್ತು.

ದುರುಗಪ್ಪ ಡ್ರೈವರ್. ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಭತ್ತದ ಲಾರಿ ಓಡಿಸಿ ಓಡಿಸಿ ಬೆನ್ನು ನೋಯಿಸಿಕೊಂಡ ಮೇಲೆ, ಊರ ಹೊರಗಿನ ವಿಮಾನದ ಮೈದಾನದಲ್ಲಿ ಜೀಪಿನ ಕೆಲಸ ಹಿಡಿದಿದ್ದ. ಆಗ ಅಲ್ಲಿಗೆ ಅಪರೂಪಕ್ಕೊಂದು ಸಣ್ಣ ವಿಮಾನ ಬರುತ್ತಿತ್ತು. ಅದು ಇಳಿಯುವ ಮುಂಚೆ ರನ್‌ವೇ ಉದ್ದಕ್ಕೂ ಜೀಪು ಓಡಿಸಿ ನಾಯಿ, ಕುರಿ ಇದ್ದರೆ ಅಟ್ಟುವುದು, ಬೆಂಕಿ ಆರಿಸುವ ಸಾಮಾನು ಹೇರಿಕೊಂಡು ಬದಿಗೆ ನಿಲ್ಲುವುದು, ಇಷ್ಟೇ ಅವನ ಕೆಲಸ. ಆಮೇಲೆ ಅದೇ ಮೈದಾನದಲ್ಲಿ ಪೈಲಟ್ ಆಗುವವರಿಗೆ ಕಲಿಸುವ ಶಾಲೆಯೊಂದು ಶುರುವಾಯಿತು. ದುರುಗಪ್ಪ ಗುತ್ತಿಗೆಯ ಏಜೆನ್ಸಿಯ ಕಡೆಯಿಂದ ಅಲ್ಲೇ ಮುಂದುವರಿದ. ಆಫೀಸಿಗೆ ಕಂಪ್ಯೂಟರ್ ಬಲ್ಲವರು ಬೇಕು ಎಂದು ಗೊತ್ತಾದ ದಿನ, ಎಂದೂ ಸಾಹೇಬರ ಕೋಣೆಯ ಹೊಸಿಲು ತುಳಿಯದವನು ಒಳಗೆ ಹೋಗಿ, ನಮ್ಮ ಹುಡುಗಿ ಒಬ್ಬಳಿದ್ದಾಳೆ ನೋಡಿರಿ ಎಂದು ಕೇಳಿ ಬಂದಿದ್ದ. ಹಾಗೆ ಅಮೃತಾಳಿಗೆ ಕೆಲಸ ಸಿಕ್ಕಿತು. ಮಾವ ಸೊಸೆ ಇಬ್ಬರೂ ಬೆಳಿಗ್ಗೆ ಒಂದೇ ಸ್ಕೂಟರ್ ಗಾಡಿಯಲ್ಲಿ ಹೋಗುವುದು ರೂಢಿಯಾಯಿತು. ಗಾಡಿ ಓಡಿಸುತ್ತಿದ್ದವಳು ಅವಳು. ನಿನಗೆ ಕೈ ಪಳಗಲಿ ಎಂದು ಮಾವ ಹಿಂದೆ ಕೂರುತ್ತಿದ್ದ.

ಅವಳ ಕೆಲಸ ಶಾಲೆಯ ಸಾಫ್ಟ್‌ವೇರ್ ನೋಡಿಕೊಳ್ಳುವುದು. ಕಲಿಯುವವರು, ಕಲಿಸುವವರು, ಮೆಕ್ಯಾನಿಕ್‌ಗಳು, ಮೈದಾನದಲ್ಲಿ ಓಡಾಡುವ ಕೆಲಸದವರು, ಎಲ್ಲರ ಹೆಸರೂ ಅದರೊಳಗಿತ್ತು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರಿಗೆ ಯಾವ ಯಾವ ಪ್ರಮಾಣಪತ್ರ ಇರಲೇಬೇಕು ಎಂದು ಗುರುತು ಹಾಕುವವಳು ಅಮೃತಾ. ಹಾರುವವರಿಗೆ ವೈದ್ಯಕೀಯ ಪತ್ರ, ರೇಡಿಯೋದಲ್ಲಿ ಮಾತಾಡುವ ಪರವಾನಗಿ. ಡ್ರೈವರ್‌ಗಳಿಗೆ ಲೈಸನ್ಸ್, ಬೆಂಕಿ ಆರಿಸುವ ತರಬೇತಿಯ ಪತ್ರ. ಪತ್ರ ಇದ್ದರೆ ಹೆಸರು ಹಸಿರು. ಅವಧಿ ಮುಗಿಯಲು ಬಂದರೆ ಹಳದಿ. ಮುಗಿದರೆ ಕೆಂಪು. ಕೆಂಪಾದವರ ಹೆಸರನ್ನು ಆ ದಿನದ ಕೆಲಸಕ್ಕೆ ಸೇರಿಸಲು ಸಾಫ್ಟ್‌ವೇರ್ ಬಿಡುತ್ತಿರಲಿಲ್ಲ. ಅವಳಿಗೆ ಈ ಕೆಲಸ ಹಿಡಿಸಿತ್ತು.

ಎರಡು ಸಾವಿರದ ಇಪ್ಪತ್ತೆರಡರ ಬೇಸಿಗೆಯಲ್ಲಿ, ಬೇರೆ ರಾಜ್ಯದ ಯಾವುದೋ ಮೈದಾನದಲ್ಲಿ ಜೀಪೊಂದು ನಿಂತ ವಿಮಾನದ ರೆಕ್ಕೆಗೆ ತಾಗಿ ಒಬ್ಬ ಹುಡುಗನ ಕಾಲು ಮುರಿಯಿತೆಂಬ ಸುದ್ದಿ ಬಂತು. ಸುರಕ್ಷತೆಯ ಹೊಣೆ ಹೊತ್ತಿದ್ದ ಗೋವಿಂದರಾಜ ಸಾಹೇಬರು ಅಮೃತಾಳನ್ನು ಕರೆದು, ಇನ್ನು ಮುಂದೆ ಒಳಗಡೆ ಗಾಡಿ ಓಡಿಸುವವರೆಲ್ಲ ಕಣ್ಣಿನ ಪರೀಕ್ಷೆಯ ಪತ್ರ ತರಬೇಕು, ಸಾಫ್ಟ್‌ವೇರ್‌ನಲ್ಲಿ ಹಾಕಿಬಿಡು ಎಂದರು. ಅವಳು ಹೊಸ ಪತ್ರದ ಹೆಸರು ಬರೆದಳು, ಡ್ರೈವರ್‌ಗಳ ಗುಂಪು ಆರಿಸಿದಳು, ಗುರುತು ಒತ್ತಿದಳು. ಮಾವನ ಹೆಸರೂ ಆ ಗುಂಪಿನಲ್ಲಿತ್ತು. ಆಗ ಅವಳಿಗೆ ಏನೂ ಅನ್ನಿಸಲಿಲ್ಲ.

ಉಳಿದವರು ಪತ್ರ ತಂದರು. ದುರುಗಪ್ಪ ಮಾತ್ರ ಸೋಮವಾರ ಹೋಗುತ್ತೇನೆ, ಅಮಾವಾಸ್ಯೆ ಆಗಲಿ ಎನ್ನುತ್ತ ದಿನ ದೂಡಿದ. ಆಸ್ಪತ್ರೆಯೆಂದರೆ ಅವನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಪತ್ರ ತರಲು ಕೊಟ್ಟ ಗಡುವು ಹತ್ತಿರವಾಗಿ ಹೆಸರು ಹಳದಿಯಾಯಿತು. ಒಂದು ಬೆಳಿಗ್ಗೆ ಕೆಂಪಾಯಿತು. ಜೀಪಿನ ಕೀಲಿ ಕೊಡುವವನು, ನಿನ್ನ ಹೆಸರು ಬಂದಿಲ್ಲ ಎಂದು ತಿರುಗಿ ಕಳಿಸಿದಾಗ ಅವನು ನೇರ ಅಮೃತಾಳ ಮೇಜಿನ ಮುಂದೆ ಬಂದು ನಿಂತ. ಕೂರು ಎಂದರೂ ಕೂರಲಿಲ್ಲ. ಅವಳು ಅರ್ಧ ದಿನ ರಜೆ ಹಾಕಿ ಅವನನ್ನು ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಗೋಡೆಯ ಮೇಲಿನ ಅಕ್ಷರಗಳನ್ನು ದುರುಗಪ್ಪ ಕೆಳಗಿನ ಸಾಲಿನವರೆಗೂ ಓದಿದ. ಓದಿ ಅಮೃತಾಳ ಕಡೆ ನೋಡಿ ನಕ್ಕ. ಆದರೆ ಡಾಕ್ಟರಮ್ಮ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಮತ್ತೆ ನೋಡಿ, ಇನ್ನೊಂದು ಪರೀಕ್ಷೆ ಆಗಲಿ ಎಂದರು. ದೊಡ್ಡ ಬೋಗುಣಿಯಂಥ ಯಂತ್ರದೊಳಗೆ ಗದ್ದ ಇಟ್ಟು ಕೂರಬೇಕು. ನಟ್ಟನಡುವೆ ನೋಡುತ್ತ, ಸುತ್ತಮುತ್ತ ಎಲ್ಲಿ ಚುಕ್ಕೆ ಮಿಂಚಿದರೂ ಕೈಯಲ್ಲಿರುವ ಗುಂಡಿ ಒತ್ತಬೇಕು. ಅಮೃತಾ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದ ಅವಳಿಗೆ ಬೋಗುಣಿಯ ಒಂದು ಮಗ್ಗುಲು ಕಾಣುತ್ತಿತ್ತು. ಅಲ್ಲಿ ಚುಕ್ಕೆ ಮಿಂಚಿತು. ಮಾವ ಒತ್ತಲಿಲ್ಲ. ಮತ್ತೊಂದು ಮಿಂಚಿತು. ಒತ್ತಲಿಲ್ಲ. ಅವನಿಗೆ ಪರೀಕ್ಷೆ ತಿಳಿದಿಲ್ಲವೇನೋ, ಒಳಗೆ ಹೋಗಿ ಹೇಳಲೇ ಎಂದುಕೊಂಡಳು. ಅಷ್ಟರಲ್ಲಿ ಗುಂಡಿಯ ಸದ್ದು ಒಂದು ಸಲ ಕೇಳಿತು, ಮತ್ತೆ ಮೌನ. ಊಟಕ್ಕೆ ಕೂತಾಗ ಎಡಕ್ಕಿಟ್ಟ ನೀರಿನ ತಂಬಿಗೆಯನ್ನು ಅವನು ಒದೆಯುತ್ತಿದ್ದುದು, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದುದು, ಅದಕ್ಕೆ ಮನೆಯವರೆಲ್ಲ ನಗುತ್ತಿದ್ದುದು ಎಲ್ಲವೂ ಅವಳಿಗೆ ನೆನಪಾದವು. ಗಾಡಿಯಲ್ಲಿ ಅವನು ಯಾಕೆ ಹಿಂದೆ ಕೂರುತ್ತಿದ್ದ ಎಂಬುದೂ ಆಗ ಹೊಳೆಯಿತು. ತನ್ನ ನೋಟ ಕುಗ್ಗಿದ್ದು ಅವನಿಗೆ ಗೊತ್ತಿತ್ತೋ ಇಲ್ಲವೋ, ಆ ಮಾತನ್ನು ಅವಳು ಎಂದೂ ಕೇಳಲಿಲ್ಲ.

ಕಣ್ಣೊಳಗಿನ ಒತ್ತಡ ಏರಿ ನರ ಒಣಗಿದೆ, ಎರಡೂ ಬದಿಯ ನೋಟ ಹೋಗಿದೆ, ಹೋದದ್ದು ಮರಳುವುದಿಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು.

"ಮುಂದಿಂದು ಎಲ್ಲಾ ಕಾಣ್ತೈತಲ್ರೀ ನನಗ," ಎಂದ ದುರುಗಪ್ಪ.

"ಮುಂದಿಂದು ಅಷ್ಟ ಕಾಣ್ತೈತಿ, ಯಜಮಾನ್ರ. ಉಳಿದದ್ದನ್ನ ಉಳಿಸ್ಕೊಳ್ಳಾಕ ದಿನಾ ಈ ಹನಿ ಹಾಕ್ಕೋರಿ. ಗಾಡಿ ಓಡ್ಸಾಕ ಮಾತ್ರ ನಾ ಬರದು ಕೊಡಾಕ ಆಗಂಗಿಲ್ಲ."

ಮನೆಯಲ್ಲಿ ಹೇಳಬೇಡ ಎಂದು ದುರುಗಪ್ಪ ದಾರಿಯಲ್ಲಿ ಅವಳಿಂದ ಮಾತು ತೆಗೆದುಕೊಂಡ. ಆದರೆ ಹನಿಯ ಬಾಟಲಿ, ಗಂಡ ಹಗಲೆಲ್ಲ ಮನೆಯಲ್ಲೇ ಕೂತಿರುವುದು, ಇದನ್ನೆಲ್ಲ ಶಾಂತಕ್ಕನಿಂದ ಎಷ್ಟು ದಿನ ಮುಚ್ಚಿಡಲು ಆದೀತು? ಕಡೆಗೆ ಅವನೇ ಬಾಯಿಬಿಟ್ಟ. ಶಾಂತಕ್ಕ ಅಳಲಿಲ್ಲ. ಮರುದಿನ ಬೆಳಿಗ್ಗೆ ಅಮೃತಾ ತಲೆ ಬಾಚಿಕೊಳ್ಳುತ್ತಿದ್ದಾಗ ಹಿಂದೆ ಬಂದು ನಿಂತಳು.

"ಆ ಗುರುತು ಹಾಕಿದಾಕಿ ನೀನ ಹೌದಿಲ್ಲೋ?"

"ಹೌದತ್ತಿ."

"ಹಂಗಾರ ನೀನ ತಗಿ. ಇಷ್ಟು ವರ್ಷ ಒಂದು ಕುರಿಮರಿಗೂ ಗಾಲಿ ತಾಗಿಸಿಲ್ಲ ಅವ್ರು. ಜೀಪು ಬಿಡಿಸಿದ್ರ ಮನ್ಷ್ಯಾ ಉಳಿಯಂಗಿಲ್ಲವ್ವ. ನಿನಗ ನಾ ಏನೂ ಕೇಳಿಲ್ಲ ಇಲ್ಲೀತನ."

ನಿಜ, ಅತ್ತೆ ಎಂದೂ ಏನೂ ಕೇಳಿರಲಿಲ್ಲ. ಅಮೃತಾ ಆಫೀಸಿಗೆ ಹೋಗಿ ಮಾವನ ಪುಟ ತೆರೆದಳು. ಗುಂಪಿಗೆ ಹಾಕಿದ ಗುರುತನ್ನು ಒಬ್ಬನಿಂದ ಮಾತ್ರ ತೆಗೆಯಲು ಬರುತ್ತಿತ್ತು. ತೆಗೆದಳು. ಕೆಂಪು ಹೆಸರು ಹಸಿರಾಯಿತು. ಫೋನ್ ಮಾಡಿ ಬಾ ಎಂದಳು. ದುರುಗಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಂದ. ಹೇಗೆ ಆಯಿತು ಎಂದು ಅವನು ಕೇಳಲಿಲ್ಲ.

ಆ ಹೊತ್ತೆಲ್ಲ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಜೀಪು ಹೊರಟಿತು, ರನ್‌ವೇ ತುದಿಗೆ ಹೋಗಿ ತಿರುಗಿತು. ವಿಮಾನಗಳ ಸಾಲಿನ ಹತ್ತಿರ ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು ಓಡಾಡುತ್ತಿದ್ದರು. ಒಬ್ಬಳು ಬಗ್ಗಿ ಗಾಲಿ ನೋಡುತ್ತಿದ್ದಳು. ಜೀಪು ಅವಳ ಬದಿಯಿಂದಲೇ ಹಾದುಹೋಯಿತು. ಅವಳಿಗೂ ಜೀಪಿಗೂ ಸಾಕಷ್ಟು ಅಂತರವಿತ್ತು. ಮಾವ ಎಂದಿನಂತೆ ನಿಧಾನವಾಗಿ ಓಡಿಸುತ್ತಿದ್ದ. ಆದರೂ ಅವನು ಆ ಹುಡುಗಿಯನ್ನು ನೋಡಿ ಅಂತರ ಬಿಟ್ಟನೋ, ಅವಳ ಪುಣ್ಯಕ್ಕೆ ಅಂತರ ಇತ್ತೋ, ಕಿಟಕಿಯಿಂದ ಹೇಗೆ ತಿಳಿಯಬೇಕು? ಏನೂ ಆಗಲಿಲ್ಲ. ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಡಬ್ಬಿ ಬಿಚ್ಚಿದಳು, ಹಾಗೆಯೇ ಮುಚ್ಚಿದಳು. ಎದ್ದು ಬಂದು ಕಂಪ್ಯೂಟರ್ ಮುಂದೆ ಕೂತು ಗುರುತನ್ನು ಮತ್ತೆ ಹಾಕಿದಳು.

ಆಮೇಲೆ ಗೋವಿಂದರಾಜ ಸಾಹೇಬರ ಹತ್ತಿರ ತಾನೇ ಹೋಗಿ ಎಲ್ಲವನ್ನೂ ಹೇಳಿಕೊಂಡಳು. ಅವರು ಬಯ್ಯಲಿಲ್ಲ. ಗೇಟಿನಲ್ಲೋ ತೋಟದಲ್ಲೋ ಒಂದು ಕೆಲಸ ಕೊಡಿರಿ ಎಂದು ಅವಳು ಕೇಳಿದ್ದಕ್ಕೆ ಅವಳ ಎದುರಿಗೇ ಏಜೆನ್ಸಿಗೆ ಫೋನ್ ಹಚ್ಚಿದರು. ನಮ್ಮ ಗುತ್ತಿಗೆ ಇರುವುದು ಡ್ರೈವರ್‌ಗಳಿಗಷ್ಟೇ ಎಂದು ಆ ಕಡೆಯವರು ಹೇಳಿದ್ದು ಅವಳಿಗೂ ಕೇಳಿಸಿತು. ಸಾಹೇಬರು ಮತ್ತೆರಡು ಸಲ ಪತ್ರ ಬರೆದರು. ಉತ್ತರವೇನೂ ಬದಲಾಗಲಿಲ್ಲ. ತಿಂಗಳ ಕೊನೆಗೆ ಏಜೆನ್ಸಿ ದುರುಗಪ್ಪನ ಜಾಗಕ್ಕೆ ಕುಷ್ಟಗಿ ಕಡೆಯ ಒಬ್ಬನನ್ನು ಕಳಿಸಿತು. ಅವನ ಹೆಸರನ್ನು ಒಳಗೆ ಸೇರಿಸಿ, ಮಾವನ ಹೆಸರನ್ನು ತೆಗೆಯುವ ಕೆಲಸವೂ ಅಮೃತಾಳ ಮೇಜಿಗೇ ಬಂತು. ಮಾಡಿದಳು.

ಮನೆಯಲ್ಲಿ ಶಾಂತಕ್ಕ ಅವಳಿಗೆ ಊಟ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಬೇರೆ ಕೋಣೆ ಹಿಡಿಯುತ್ತೇನೆ ಎಂದು ಅಮೃತಾ ಮಾವನ ಮುಂದೆ ಒಮ್ಮೆ ಹೇಳಿದಳು. ಕಟ್ಟೆಯ ಮೇಲೆ ಕೂತಿದ್ದ ಅವನು ಅವಳು ಎಲ್ಲಿದ್ದಾಳೆಂದು ಪೂರಾ ತಲೆ ತಿರುಗಿಸಿ ಹುಡುಕಿದ.

"ನೀ ಗುರುತು ಹಾಕಿದ್ದಕ್ಕ ನನ್ನ ಕಣ್ಣು ಹೋಗಿಲ್ಲವ್ವ. ನಿಮ್ಮತ್ತಿಗೆ ಅದು ತಿಳಿಯಾಕ ಹೊತ್ತು ಹಿಡಿತೈತಿ. ನೀ ಎಲ್ಲಿಗೂ ಹೋಗಬ್ಯಾಡ."

"ಮತ್ತ ನಾ ಏನು ಮಾಡ್ಲಿ, ಮಾವಾ?"

ಅವನು ಜೇಬಿನಿಂದ ಹನಿಯ ಬಾಟಲಿ ತೆಗೆದು ಅವಳ ಕಡೆ ಚಾಚಿದ.

ಈಗಲೂ ಅವಳು ಕೆಲಸಕ್ಕೆ ಹೋಗುವ ಮುಂಚೆ ಅವನ ಕಣ್ಣಿಗೆ ಹನಿ ಹಾಕುತ್ತಾಳೆ. ಮುಖ ಮೇಲೆ ಮಾಡಿ ಕೂತವನು ಇವತ್ತು ಗಾಳಿ ಯಾವ ಕಡೆಯದು, ಯಾರು ಹಾರುತ್ತಾರೆ ಎಂದು ಕೇಳುತ್ತಾನೆ. ಒಮ್ಮೊಮ್ಮೆ ಆಗಲೇ ಹಾರಿದ ವಿಮಾನವೊಂದು ಓಣಿಯ ಮೇಲೆ ಬರುತ್ತದೆ. ಸದ್ದು ಕೇಳಿದೊಡನೆ ದುರುಗಪ್ಪ ಹಸಿ ಕಣ್ಣಲ್ಲೇ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾನೆ. ಇತ್ತ ಮಾವಾ, ಬಲಕ್ಕ ಎಂದು ಅಮೃತಾ ಅವನ ಗದ್ದ ಹಿಡಿದು ತಿರುಗಿಸುವಷ್ಟರಲ್ಲಿ ಅದು ಮನೆಗಳ ಹಿಂದೆ ಮರೆಯಾಗಿರುತ್ತದೆ.