ಪಾಯ ನೋಡಿದ ಅತ್ತೆ

ನಮ್ಮ ಅತ್ತೆ ಏನನ್ನು ನೋಡುವುದಿದ್ದರೂ ಬಲಗೈಯನ್ನು ಹಣೆಗೆ ಅಡ್ಡ ಹಿಡಿದೇ ನೋಡುತ್ತಿದ್ದರು. ನೆರಳಲ್ಲಿ ನಿಂತಿದ್ದರೂ ಸರಿ, ಮೋಡ ಮುಚ್ಚಿದ್ದರೂ ಸರಿ. ಬೆಳಿಗ್ಗೆ ಸ್ನಾನ ಮಾಡಿ ಎಳೆದುಕೊಂಡ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಬಲಗಡೆ ಪೂರ್ತಿ ಅಳಿಸಿಹೋಗಿ ಎಡಗಡೆ ಮಾತ್ರ ಉಳಿದಿರುತ್ತಿತ್ತು. ಆ ಅರ್ಧ ವಿಭೂತಿ ಕಂಡರೆ ಸಾಕು, ಅವತ್ತೆಲ್ಲ ಅವರು ಬಾಲ್ಕನಿಯಲ್ಲೇ ನಿಂತಿದ್ದರು ಎಂದು ನನಗೆ ಗೊತ್ತಾಗುತ್ತಿತ್ತು.

ಅವರು ಹೆಬ್ಬೂರಿನಲ್ಲಿ ದೊಡ್ಡ ಮಗನ ಜೊತೆ ಇದ್ದವರು. ಮಂಡಿ ಆಪರೇಷನ್‌ಗೆಂದು ತುಮಕೂರಿಗೆ ಬಂದಿದ್ದರು. ವಾಸಿಯಾಗುವ ತನಕ ಇಲ್ಲೇ ಇರಲಿ ಎಂದು ನಾವು ಉಳಿಸಿಕೊಂಡೆವು. ಶಿರಾ ಗೇಟ್ ಹತ್ತಿರ ಎರಡನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ; ಅದರ ಹಿಂದೆ ಒಂದು ಹಳೇ ಎಣ್ಣೆ ಮಿಲ್ ಇತ್ತು. ಅತ್ತೆ ಬಂದ ವಾರದಲ್ಲೇ ಅದನ್ನು ಕೆಡವಿ, ಹದಿನೆಂಟು ಮಹಡಿಯ ಕಟ್ಟಡಕ್ಕೆ ಪಾಯ ತೆಗೆಯಲು ಶುರುಮಾಡಿದರು. ಅಷ್ಟು ಎತ್ತರದ್ದು ನಮ್ಮ ಕಡೆ ಅದೇ ಮೊದಲು. ಬೀದಿಯವರೆಲ್ಲ ಧೂಳು, ಸದ್ದು ಎಂದು ಬೈದುಕೊಂಡು ಕಿಟಕಿ ಮುಚ್ಚಿದರೆ, ಅತ್ತೆ ವಾಕರ್ ತಳ್ಳಿಕೊಂಡು ಬಾಲ್ಕನಿಗೆ ಹೋಗಿ ನಿಂತರು.

"ಕೂತ್ಕೊಂಡ್ ನೋಡಿ ಅತ್ತೆ, ಮಂಡಿ ನೋವು ಬರುತ್ತೆ" ಎಂದರೆ ಕೇಳುತ್ತಿರಲಿಲ್ಲ.

"ನಿಂತ್ಕೊಂಡು ನೋಡೋಕೆ ನನ್ನ ಯಾವಾಗ ಬುಟ್ಟಿದ್ರವ್ವ? ಮಳೆ ಬಂದ್ರೆ ಒಣಗಾಕಿದ ರಾಗಿ ಎತ್ತೋಕೆ ಓಡ್ಬೇಕಿತ್ತು. ಇಷ್ಟು ವರ್ಸದಲ್ಲಿ ಮಳೆ ನೋಡಿದ ನೆಪ್ಪೇ ಇಲ್ಲ ನಂಗೆ."

ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರ್. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಕಾಫಿಗಿಂತ ಮೊದಲು ಪಾಯದ ಸುದ್ದಿ. ಮೇಲಿನ ಕಪ್ಪು ಮಣ್ಣು ಮುಗಿದು ಕೆಮ್ಮಣ್ಣು ಬಂತು, ಅದಾದ ಮೇಲೆ ಹಳದಿ ಗೊರಚು ಮಣ್ಣು, ಅದರ ಕೆಳಗೆ ಸುಣ್ಣ ಕಲಸಿದ ಹಾಗೆ ಬೆಳ್ಳಗಿನದೇನೋ. ಜೆಸಿಬಿ ಇಳಿದಷ್ಟೂ ಇಳಿಯುತ್ತಿತ್ತು. ಮೊದಮೊದಲು ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುತ್ತಿದ್ದ ಟಿಪ್ಪರ್‌ಗಳು ಆಮೇಲೆ ಆಟದ ಸಾಮಾನಿನಷ್ಟಾದವು. "ಮನೆ ಅಂದ್ರೆ ಮೇಲಕ್ಕೆ ಕಟ್ಟೋದು ಅಂದ್ಕೊಂಡಿದ್ದೆ ಕಣವ್ವ. ಇವ್ರು ನೋಡಿದ್ರೆ ಪಾತಾಳಕ್ಕೆ ಹೋಯ್ತಾವ್ರೆ" ಎನ್ನುತ್ತಿದ್ದರು. ಹೆಬ್ಬೂರಿನಿಂದ ಭಾವ ಫೋನ್ ಮಾಡಿ, "ಹಸು ಕರ ಹಾಕೈತೆ, ಯಾವಾಗ ಬರ್ತೀಯವ್ವ?" ಎಂದು ಕೇಳಿದರೆ, "ಪಾಯ ಮುಗೀಲಿ ತಡಿಯಪ್ಪ" ಎಂದು ಉತ್ತರ.

ಆ ಸೈಟಿನ ಇಂಜಿನಿಯರ್ ಒಬ್ಬಳು ಹುಡುಗಿ, ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವಳು. ಬಿಳಿ ಹೆಲ್ಮೆಟ್ ಹಾಕಿಕೊಂಡು ನಮ್ಮ ಬಾಲ್ಕನಿಯ ಕೆಳಗೇ ಓಡಾಡುತ್ತಿದ್ದಳು. ಅತ್ತೆ ಮೇಲಿನಿಂದಲೇ ಯಾವೂರು ಎಂದು ಕೇಳಿದರಂತೆ, ಕುಣಿಗಲ್ ಎಂದಳಂತೆ. ಅಷ್ಟೇ ಸಾಕಾಯಿತು. ದಿನಾ ಬೆಳಿಗ್ಗೆ "ತಿಂಡಿ ಆಯ್ತಾ ಅಜ್ಜಿ?" ಎಂದು ಕೆಳಗಿನಿಂದ ಅವಳು, "ನಿಂದಾಯ್ತಾ ಮಗ?" ಎಂದು ಮೇಲಿನಿಂದ ಇವರು.

ಒಂದು ಭಾನುವಾರದ ಬೆಳಿಗ್ಗೆ. ಹಿಂದಿನ ಎರಡು ದಿನ ಬಿಡದೆ ಮಳೆ ಹೊಯ್ದು ಅವತ್ತು ಬಿಸಿಲು ಬಿದ್ದಿತ್ತು. ಗುಂಡಿಯಲ್ಲಿ ನಿಂತ ನೀರನ್ನು ಪಂಪು ಹಾಕಿ ಎತ್ತುತ್ತಿದ್ದರು. ತಳದಲ್ಲಿ ಒಂದಷ್ಟು ಜನ ಕಂಬಿ ಕಟ್ಟುತ್ತಿದ್ದರು. ನಾನು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ ಅತ್ತೆ ಕರೆದರು.

"ಬಾರವ್ವ ಇಲ್ಲಿ. ಆ ತಗಡು ನಿನ್ನೆ ನೆಟ್ಟಗಿತ್ತು."

ಎದುರು ಅಂಚಿನಲ್ಲಿ, ರಸ್ತೆ ಕಡೆಗೆ, ಕಟ್ಟಿದ್ದ ತಗಡಿನ ಬೇಲಿಯನ್ನು ಅವರು ತೋರಿಸುತ್ತಿದ್ದರು. ಸ್ವಲ್ಪ ಒಳಕ್ಕೆ ವಾಲಿದಂತಿತ್ತು. "ಗಾಳಿಗಿರಬೇಕು ಅತ್ತೆ" ಎಂದೆ.

"ಗಾಳಿ ಎಲ್ಲೈತೆ? ಅಲ್ನೋಡು, ಅದರ ಬುಡದಲ್ಲಿ ಮಣ್ಣು ಉದುರ್ತೈತೆ."

ನೋಡಿದೆ. ಗೋಡೆಯಂತೆ ಕಡಿದಿದ್ದ ಮಣ್ಣಿನ ಮೈಮೇಲೆ ಸಣ್ಣಗೆ, ಜರಡಿಯಿಂದ ಹಿಟ್ಟು ಬಿದ್ದ ಹಾಗೆ ಏನೋ ಇಳಿಯುತ್ತಿತ್ತು. ಅದರ ನೇರ ಕೆಳಗೆ ಕಂಬಿಯವರು ಬಗ್ಗಿಕೊಂಡು ಕೂತಿದ್ದರು.

ಅತ್ತೆ "ಏಯ್, ಮೇಲಕ್ಕೆ ಬನ್ರಪ್ಪೋ!" ಎಂದು ಕೂಗಿದರು. ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅವರು ವಾಕರ್ ಬಿಟ್ಟು ಕುಂಟುತ್ತ ಅಡಿಗೆಮನೆಗೆ ಹೋಗಿ ಸ್ಟೀಲ್ ತಟ್ಟೆ, ಸೌಟು ತಂದು, ಹೊಲದಲ್ಲಿ ಹಕ್ಕಿ ಓಡಿಸುವವರಂತೆ ಬಡಿಯತೊಡಗಿದರು. ನಾನೂ ಗಂಟಲು ಹರಿಯುವಂತೆ ಕೂಗಿದೆ. ಕೆಳಗಿದ್ದವನೊಬ್ಬ ತಲೆಯೆತ್ತಿ ನಕ್ಕು ಕೈ ಬೀಸಿದ. ಅತ್ತೆ ಬಡಿಯುತ್ತಲೇ ನಡುನಡುವೆ ಸೌಟನ್ನು ಎದುರಿನ ಅಂಚಿನ ಕಡೆಗೆ ಚಾಚಿ ತೋರಿಸಿದರು. ಆಗ ತಳದಲ್ಲಿದ್ದ ಆ ಬಿಳಿ ಹೆಲ್ಮೆಟ್ ನಮ್ಮತ್ತ ತಿರುಗಿತು. ಅತ್ತೆಯ ಸೌಟು ತೋರಿಸುತ್ತಿದ್ದ ಕಡೆಗೆ ತಿರುಗಿತು. ಮರುಗಳಿಗೆಯೇ ಸೀಟಿ. ಕೈಯಲ್ಲಿದ್ದುದನ್ನೆಲ್ಲ ಎಸೆದು ಜನ ಇಳಿಜಾರಿನ ದಾರಿ ಹಿಡಿದು ಓಡಿದರು.

ಅವರು ಅರ್ಧ ದಾರಿ ಹತ್ತಿರಬಹುದು. ಎದುರಿನ ಮಣ್ಣಿನ ಗೋಡೆ ನಿಧಾನವಾಗಿ ಮುಂದಕ್ಕೆ ಬಂತು. ನಾನು ದೊಡ್ಡ ಸದ್ದನ್ನು ನಿರೀಕ್ಷಿಸಿದ್ದೆ. ಕೇಳಿಸಿದ್ದು ದೀರ್ಘವಾದ ಒಂದು ಉಸಿರಿನಂಥದು. ತಗಡು, ರಸ್ತೆಯ ಒಂದು ಚೂರು, ಲೈಟು ಕಂಬ ಎಲ್ಲವೂ ಜಾರಿ ಇಳಿದವು. ಕಂಬಿ ಕಟ್ಟುತ್ತಿದ್ದ ಜಾಗ ಅಲ್ಲಿತ್ತು ಎಂದು ಹೇಳಲೂ ಆಗದಂತೆ ಮುಚ್ಚಿಹೋಯಿತು. ಒಬ್ಬರಿಗೂ ಏನೂ ಆಗಲಿಲ್ಲ.

ಅತ್ತೆ ಅಲ್ಲೇ ನೆಲದ ಮೇಲೆ ಕುಸಿದು ಕೂತರು. ನಾನು ಕೊಟ್ಟ ನೀರು ಕುಡಿದು ಹೇಳಿದರು. "ಭೂಮ್ತಾಯಿ ಹೊಟ್ಟೆ ಕುಯ್ದವ್ರೆ. ಒಂದ್ಸಲ ಮೈ ಕೊಡವಿದ್ಲು, ಅಷ್ಟೆ. ಎಂಥಾ ಬಲ ನೋಡವ್ವ, ಶಿವನೇ!"

ಸಂಜೆ ಮೇಸ್ತ್ರಿಗಳು, ಕೆಲಸದವರು ಮನೆಗೆ ಬಂದು ಕಾಲಿಗೆ ಬಿದ್ದರೆ ಅತ್ತೆಗೆ ಸಂಕೋಚ. "ನಾನೇನ್ ಮಾಡ್ದೆ? ನೋಡ್ತಾ ನಿಂತಿದ್ದೆ" ಎಂದರು.

ಕೆಲಸ ಕೆಲವು ವಾರ ನಿಂತಿತು. ಸುತ್ತಲೂ ಕಬ್ಬಿಣದ ಆಸರೆ ಕೊಟ್ಟು ಮತ್ತೆ ಶುರುಮಾಡಿದರು. ಕೊನೆಗೆ ಬಂಡೆ ಸಿಕ್ಕಿತು. ಕಾಂಕ್ರೀಟ್ ಹಾಕುವುದಕ್ಕೆ ಕೆಲವು ದಿನ ಮುಂಚೆ ಕುಣಿಗಲ್ ಹುಡುಗಿ ಮನೆಗೇ ಬಂದು, "ಅಜ್ಜಿ, ಕೆಳಗೆ ಬಂದು ನೋಡ್ತೀರಾ?" ಎಂದಳು. ಆ ಹೊತ್ತಿಗೆ ಅತ್ತೆ ವಾಕರ್ ಬಿಟ್ಟು ಕೋಲು ಹಿಡಿದಿದ್ದರು. ಸೆರಗಿನ ಮೇಲೆ ಹೆಲ್ಮೆಟ್ ಕೂರಿಸಿಕೊಂಡು ಹೊರಟರು. ಇಳಿಜಾರಿನ ಬಾಯಲ್ಲಿ ಚಪ್ಪಲಿ ಬಿಟ್ಟರು.

"ಅಯ್ಯೋ, ಮೊಳೆ ಇರ್ತವೆ ಅಜ್ಜಿ, ಹಾಕ್ಕೊಳಿ."

"ಅವಳ ಹೊಟ್ಟೆ ಒಳಗೆ ಚಪ್ಲಿ ಮೆಟ್ಕೊಂಡು ಹೋಗ್ಲಾ?"

"ಬೂಟ್ ಹಾಕ್ದೆ ಬಿಡಲ್ಲ ನಾನು." ಹುಡುಗಿಯೂ ಹಟಮಾರಿ. ಯಾರದೋ ದೊಡ್ಡ ಬೂಟು ತೊಟ್ಟು, ತಮ್ಮ ನಡಿಗೆಗೆ ತಾವೇ ನಗುತ್ತ, ನಮ್ಮಿಬ್ಬರ ತೋಳು ಹಿಡಿದು ಇಳಿದರು.

ಇಳಿದಂತೆ ಊರಿನ ಸದ್ದು ಕಡಿಮೆಯಾಯಿತು. ಶಿರಾ ಗೇಟಿನ ಹಾರನ್‌ಗಳು ಎಲ್ಲೋ ದೂರದಲ್ಲಿ ಎಂಬಂತೆ ಕೇಳಿಸುತ್ತಿದ್ದವು. ತಲೆಯೆತ್ತಿದರೆ ಚೌಕಾಕಾರದ ಆಕಾಶ, ಅದರ ಅಂಚಿನಲ್ಲಿ ನಮ್ಮ ಬಾಲ್ಕನಿ, ಒಣಗಹಾಕಿದ್ದ ಅತ್ತೆಯ ಸೀರೆ. "ನಮ್ಮನೆ ಇಷ್ಟೇಯಾ!" ಎಂದರು. ಒಂದು ಮೂಲೆಯಲ್ಲಿ ಕಂಬಿಗಳ ನಡುವೆ ಬಂಡೆ ಇನ್ನೂ ಕಾಣುತ್ತಿತ್ತು. ಕಷ್ಟಪಟ್ಟು ಬಗ್ಗಿ ಅದರ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತೆಗೆಯಲಿಲ್ಲ.

"ಎಷ್ಟು ತಣ್ಣಗೈತೆ. ಇದು ಬಿಸ್ಲು ಕಂಡಿದ್ದೇ ಇಲ್ವಲ್ಲ. ಈಗೊಂದು ನಾಕ್ ದಿನ ಕಂಡ್ತು, ಮತ್ತೆ ಮುಚ್ಚೋಯ್ತದೆ. ಇನ್ ಯಾರೂ ನೋಡಲ್ಲ ಇದನ್ನ. ನೋಡಿದೋರು ನಾವಿಷ್ಟು ಜನ."

ನಾನೂ ಮುಟ್ಟಿದೆ.

ಕಾಂಕ್ರೀಟ್ ಹಾಕಿದ ದಿನ ಬೆಳಗಿನಿಂದ ಕತ್ತಲಾಗುವ ತನಕ ಲಾರಿಗಳು ಸಾಲುಗಟ್ಟಿ ಬಂದವು. ಅತ್ತೆ ಕೂರಲಿಲ್ಲ. ತುತ್ತು ಕಲಸಿ ಕೈಗೆ ಕೊಟ್ಟೆ, ನಿಂತೇ ಉಂಡರು. ಮುಂದೆ ಕಂಬಗಳೆದ್ದು ಕಟ್ಟಡ ರಸ್ತೆಯ ಮಟ್ಟಕ್ಕೆ ಬಂದಾಗ ಅವರ ಆಸಕ್ತಿ ಹೊರಟೇಹೋಯಿತು. "ಮೇಲಕ್ಕೆ ಬಂದ್ಮೇಲೆ ನೋಡೋಕೆ ಊರೇ ಐತೆ ಬುಡು" ಎಂದು ಬ್ಯಾಗು ತುಂಬಿಕೊಂಡು ಹೆಬ್ಬೂರಿನ ಬಸ್ಸು ಹತ್ತಿದರು.

ಮರುವರ್ಷ ಅಲ್ಲೇ ತೀರಿಕೊಂಡರು. ಬೆಳಿಗ್ಗೆ ಹಟ್ಟಿ ಗುಡಿಸಿ, ಜಗಲಿಯಲ್ಲಿ ಕೂತವರು ಏಳಲಿಲ್ಲ.

ವಿಷಯ ತಿಳಿದು ಕುಣಿಗಲ್ ಹುಡುಗಿ ಹೆಬ್ಬೂರಿಗೆ ಬಂದಳು. ಎಲ್ಲ ಮುಗಿದ ಮೇಲೆ ಹಿತ್ತಲಿನ ಕಲ್ಲಿನ ಮೇಲೆ ನನ್ನ ಪಕ್ಕ ಕೂತು, ನನಗೆ ಗೊತ್ತಿಲ್ಲದ ಒಂದು ಮಾತು ಹೇಳಿದಳು.

"ಮಣ್ಣು ಕುಸಿದ ಮಾರನೇ ದಿನ ನಾನು ಕೆಲಸ ಬಿಟ್ಟು ಊರಿಗೆ ಹೊರಟಿದ್ದೆ ಮೇಡಂ. ಕೆಳಗಿಳಿಯೋಕೆ ಕಾಲೇ ಬರ್ತಿರಲಿಲ್ಲ. ಹೇಳಿ ಹೋಗೋಣ ಅಂತ ಅಜ್ಜಿ ಹತ್ರ ಬಂದೆ, ನೀವು ಗುಬ್ಬಿಗೆ ಹೋಗಿದ್ರಿ. 'ಹೆದ್ರಿಕೆ ಆಯ್ತಾ ಮಗ? ಆಗ್ಲಿ, ಹೆದ್ರಿಕೆ ಇರೋರೇ ಅಲ್ಲಿರ್ಬೇಕು. ನೀನ್ ಹೋದ್ರೆ ಆ ಜನಕ್ಕೆ ಸೀಟಿ ಊದೋರ್ಯಾರು? ನೀನು ಕೆಳಗಿರೋ ಗಂಟ ನಾನು ಇಲ್ಲಿಂದ ಅಲ್ಲಾಡಲ್ಲ' ಅಂದ್ರು. ಆಮೇಲೆ ದಿನಾ ಇಳಿಯೋ ಮುಂಚೆ ಒಂದ್ಸಲ ಬಾಲ್ಕನಿ ನೋಡ್ತಿದ್ದೆ. ಒಂದಿನಾನೂ ತಪ್ಪಿಸಲಿಲ್ಲ ಅವರು."

ಸೋಜಿಗಕ್ಕೆ ನಿಂತಿದ್ದಾರೆ ಎಂದುಕೊಂಡಿದ್ದೆ ನಾನು. ಸೋಜಿಗವೂ ಇತ್ತು, ಸುಳ್ಳಲ್ಲ. ಆದರೆ ಹೊಸ ಮಂಡಿಯ ಮೇಲೆ ಭಾರ ಹಾಕಿಕೊಂಡು ಆ ಹೆಂಗಸು ಯಾರದೋ ಮನೆಯ ಮಗಳನ್ನು ಕಾಯುತ್ತ ನಿಂತಿದ್ದರು, ನನಗೂ ಹೇಳಿರಲಿಲ್ಲ.

ಆ ಹುಡುಗಿ ಈಗ ತುಮಕೂರಿನಲ್ಲೇ ಇನ್ನೊಂದು ದೊಡ್ಡ ಕಟ್ಟಡದ ಪಾಯ ತೆಗೆಸುತ್ತಿದ್ದಾಳೆ. ಬಿಡುವಾದಾಗ ಅಲ್ಲಿಗೆ ಹೋಗಿ ಬೇಲಿಯ ಪಕ್ಕ ನಿಲ್ಲುತ್ತೇನೆ. ಅಂಚಿನ ಮಣ್ಣು, ಆಸರೆಯ ಕಬ್ಬಿಣ, ತಳದಲ್ಲಿ ಬಗ್ಗಿ ಕೆಲಸ ಮಾಡುವವರು, ಒಂದೊಂದನ್ನೂ ನೋಡುತ್ತೇನೆ. ಅವಳು ಕೆಳಗಿನಿಂದ ಕೈಯೆತ್ತುತ್ತಾಳೆ. ನಾನೂ ಎತ್ತುತ್ತೇನೆ. ಅವಳು ಮೇಲೆ ಬರುವ ತನಕ ಮನೆಗೆ ಹೊರಡುವುದಿಲ್ಲ.